ತುಂಬುದನಿಯ ಹುಡುಕಾಟ: ಕಾರ್ಟ್ರಿಡ್ಜ್ ಬದಲಿಸುವ ಮುನ್ನ

ವಿನೈಲ್ ರೆಕಾರ್ಡುಗಳತ್ತ ಹೊಸದಾಗಿ ಹೊರಳಿದವರು ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ. ಪ್ಲೇಟಿನ ನಾದ ತುಂಬಿಕೊಂಡಿರುತ್ತದೆ, ಕಿವಿಗೆ ಹಿತವಾಗಿರುತ್ತದೆ ಎಂದು ಕೇಳಿ ಟರ್ನ್‌ಟೇಬಲ್ ತಂದಿರುತ್ತಾರೆ. ಮನೆಯಲ್ಲಿ ಹಾಕಿದರೆ ಗಾಯಕರ ಸಕಾರ ಶಕಾರಗಳು ಸೀಳಿಕೊಂಡು ಬರುತ್ತವೆ, ಪಿಟೀಲು ಚುಚ್ಚುತ್ತದೆ, ಅರ್ಧ ಗಂಟೆಯೊಳಗೆ ಕಿವಿ ದಣಿಯುತ್ತದೆ. ಇದಕ್ಕೆ ಅಂಗಡಿಯವರಿಂದ ಹಿಡಿದು ಹಳೆಯ ಹವ್ಯಾಸಿಗಳವರೆಗೆ ಎಲ್ಲರಲ್ಲೂ ಸಿದ್ಧ ಉತ್ತರವಿದೆ: ಕಾರ್ಟ್ರಿಡ್ಜ್ ಬದಲಿಸಿ, 'ವಾರ್ಮ್' ಆದದ್ದನ್ನು ಹಾಕಿ. ಒಬ್ಬರು ಗ್ರ್ಯಾಡೋ ಅನ್ನುತ್ತಾರೆ, ಇನ್ನೊಬ್ಬರು ನಾಗಾವೋಕಾ, ಮತ್ತೊಬ್ಬರು ಡೆನಾನ್ ಡಿಎಲ್-103. ಇವೆಲ್ಲ ಒಳ್ಳೆಯ ಕಾರ್ಟ್ರಿಡ್ಜ್‌ಗಳೇ. ಆದರೆ ಸಲಹೆ ಕೊಡುವ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ತುಂಬುದನಿ ಬೇಕೆಂದು ಕೇಳುವವರಿಗೆ ನಿಜವಾಗಿ ಬೇಕಿರುವುದು ಕರ್ಕಶತೆ ಹೋಗುವುದು. ಆ ಕರ್ಕಶತೆ ಹುಟ್ಟುವುದು ಬಹುತೇಕ ಸಲ ಕಾರ್ಟ್ರಿಡ್ಜ್‌ನ ಸ್ವಭಾವದಿಂದಲ್ಲ. ಅದಕ್ಕೆ ಜೋಡಿಸಿದ ವಿದ್ಯುತ್ ಹೊರೆಯಿಂದ, ಸವೆದ ಮುಳ್ಳಿನಿಂದ, ತಪ್ಪಾಗಿ ಕೂರಿಸಿದ ತೋಳಿನಿಂದ. ಇವನ್ನು ಸರಿಪಡಿಸದೆ ಹೊಸದು ಕೊಂಡರೆ ಹಣ ಹೋಗುತ್ತದೆ, ದೂರು ಉಳಿಯುತ್ತದೆ.

ಮೊದಲು ಈ ತುಂಬುದನಿ ಸ್ವರವ್ಯಾಪ್ತಿಯಲ್ಲಿ ಎಲ್ಲಿದೆ ಎಂದು ನೋಡಬೇಕು. ಗಂಡು ದನಿಯ ಮೂಲ ಕಂಪನಗಳು ಸುಮಾರು 100ರಿಂದ 300 ಹರ್ಟ್ಜ್ ನಡುವೆ ಓಡಾಡುತ್ತವೆ. ಸಕಾರದ ಸಿಳ್ಳು 5,000 ಹರ್ಟ್ಜ್‌ನಿಂದ ಮೇಲೆ. ಕೇಳುಗ 'ತುಂಬಿದೆ' ಎಂದೋ 'ತೆಳುವಾಗಿದೆ' ಎಂದೋ ತೀರ್ಮಾನಿಸುವುದು ಈ ಎರಡರ ಪ್ರಮಾಣ ನೋಡಿ. ಈಗ ಮಾರುಕಟ್ಟೆಯಲ್ಲಿರುವ ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್‌ಗಳನ್ನು ಅಳೆದರೆ ಕೆಳಗಿನ ಭಾಗದಲ್ಲಿ ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಒಂದು ಡೆಸಿಬಲ್ ಆಚೀಚೆ ಇರಬಹುದು. ಅವು ಬೇರೆಬೇರೆಯಾಗುವುದೆಲ್ಲ 2,000 ಹರ್ಟ್ಜ್ ದಾಟಿದ ಮೇಲೆ. ಅಂದರೆ ಯಾವ ಕಾರ್ಟ್ರಿಡ್ಜೂ ಗಾಯಕನ ಎದೆಯ ದನಿಗೆ ಏನನ್ನೂ ಸೇರಿಸುವುದಿಲ್ಲ. ಮೇಲಿನ ಸ್ವರಗಳನ್ನು ಒಂದು ಕಾರ್ಟ್ರಿಡ್ಜ್ ತುಸು ತಗ್ಗಿಸುತ್ತದೆ, ಇನ್ನೊಂದು ತುಸು ಎತ್ತುತ್ತದೆ. ತಗ್ಗಿಸಿದ್ದು ತುಂಬಿದಂತೆ ಕೇಳುತ್ತದೆ, ಎತ್ತಿದ್ದು ಚುಚ್ಚಿದಂತೆ. ಇಷ್ಟು ಸ್ಪಷ್ಟವಾದರೆ ಪ್ರಶ್ನೆ ಅರ್ಧ ಬಗೆಹರಿದಂತೆ. ನಮ್ಮ ಟರ್ನ್‌ಟೇಬಲ್ಲಿನಲ್ಲಿ ಮೇಲಿನ ಸ್ವರಗಳನ್ನು ಎತ್ತಿ ಹಿಡಿಯುತ್ತಿರುವುದು ಏನು ಎಂದು ಹುಡುಕಬೇಕಾದ್ದು ಉಳಿಯುತ್ತದೆ.

ಹೆಚ್ಚಿನವರ ಬಳಿ ಇರುವುದು ಮೂವಿಂಗ್ ಮ್ಯಾಗ್ನೆಟ್ ಜಾತಿಯ ಕಾರ್ಟ್ರಿಡ್ಜ್. ಮುಳ್ಳು ಗೆರೆಯಲ್ಲಿ ಅಲುಗಿದಾಗ ಮುಳ್ಳು ಕೂತಿರುವ ಸಣ್ಣ ಕಡ್ಡಿಯಾದ ಕ್ಯಾಂಟಿಲಿವರ್‌ನ ಇನ್ನೊಂದು ತುದಿಯ ಪುಟ್ಟ ಅಯಸ್ಕಾಂತ ಅಲುಗುತ್ತದೆ, ಅದರ ಪಕ್ಕದ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಆ ಕಾಯಿಲ್‌ನಲ್ಲಿ ಸಾವಿರಾರು ಸುತ್ತು ತಂತಿ ಇರುವುದರಿಂದ ಅದರ ಇಂಡಕ್ಟೆನ್ಸ್ ದೊಡ್ಡದು. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿಯಲ್ಲಿ 550 ಮಿಲಿಹೆನ್ರಿ, ಆರ್ಟೋಫೋನ್ 2ಎಂ ರೆಡ್‌ನಲ್ಲಿ 700. ಇನ್ನೊಂದು ಕಡೆ ತೋಳಿನೊಳಗಿನ ತಂತಿ, ಆಂಪ್ಲಿಫೈಯರಿಗೆ ಹೋಗುವ ಕೇಬಲ್, ಕಾರ್ಟ್ರಿಡ್ಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೋ ಸ್ಟೇಜಿನ ಒಳಬಾಗಿಲು (ಇನ್‌ಪುಟ್), ಈ ಮೂರರ ಕೆಪ್ಯಾಸಿಟೆನ್ಸ್ ಒಟ್ಟುಗೂಡುತ್ತದೆ. ಇಂಡಕ್ಟೆನ್ಸ್ ಮತ್ತು ಕೆಪ್ಯಾಸಿಟೆನ್ಸ್ ಜೊತೆಯಾದಲ್ಲಿ ಅನುರಣನ ಇದ್ದೇ ಇರುತ್ತದೆ. ವಿಎಂ95ಕ್ಕೆ ತಯಾರಕರೇ ಹೇಳಿರುವ ಹೊರೆ 100ರಿಂದ 200 ಪಿಕೋಫ್ಯಾರಡ್. ಅದನ್ನು 150ರಲ್ಲಿ ಇಟ್ಟರೆ ಅನುರಣನ 17,500 ಹರ್ಟ್ಜ್ ಹತ್ತಿರ ಬೀಳುತ್ತದೆ, ಫೋನೋ ಸ್ಟೇಜಿನ 47 ಕಿಲೋ ಓಮ್ ರೋಧದ ಜೊತೆ ಬಹುತೇಕ ಸಮತಟ್ಟಾಗಿಯೂ ಇರುತ್ತದೆ. ಈಗ ಸಾಧಾರಣ ಮನೆಯೊಂದರ ಜೋಡಣೆ ನೋಡೋಣ: ಉದ್ದನೆಯ ಕೇಬಲ್ಲಿನದು 150, ಫೋನೋ ಸ್ಟೇಜಿನದು 220, ತೋಳಿನ ತಂತಿಯದು 30, ಒಟ್ಟು 400. ಅನುರಣನ 10,700 ಹರ್ಟ್ಜ್‌ಗೆ ಇಳಿಯಿತು. ಕಾಯಿಲ್‌ನೊಳಗಿನ ನಷ್ಟವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ 9,000 ಹರ್ಟ್ಜ್ ಸುತ್ತ ಹತ್ತಿರಹತ್ತಿರ 3 ಡೆಸಿಬಲ್ಲಿನ ಉಬ್ಬು ಎದ್ದಿತು, ಅಲ್ಲಿಂದಾಚೆಗೆ ಧ್ವನಿ ಕಡಿದಾಗಿ ಬಿದ್ದುಹೋಯಿತು. ಸಕಾರಗಳು ಸೀಳುತ್ತವೆ, ಆದರೂ ತಾಳದ, ತಂತಿಯ ಮೇಲ್ದನಿಯ ಮಿನುಗು ಕಾಣೆ ಎಂಬ ವಿಚಿತ್ರ ದೂರಿಗೆ ಕಾರಣ ಇದೇ. ಒಂದೇ ದೋಷ ಎರಡನ್ನೂ ಒಟ್ಟಿಗೆ ತಂದಿಡುತ್ತದೆ.

ಈ ಉಬ್ಬನ್ನು ತಗ್ಗಿಸಲು ಹೊಸ ಕಾರ್ಟ್ರಿಡ್ಜ್ ಬೇಕಿಲ್ಲ. ಕಡಿಮೆ ಕೆಪ್ಯಾಸಿಟೆನ್ಸಿನ ಗಿಡ್ಡ ಕೇಬಲ್ ಹಾಕಬಹುದು. ಹೊರೆಯನ್ನು ಸ್ವಿಚ್ಚಿನಿಂದ ಬದಲಿಸಬಹುದಾದ ಫೋನೋ ಸ್ಟೇಜ್ ಇದ್ದರೆ ಇನ್ನೂ ಸುಲಭ. ಅದೂ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಬಿಡಿಭಾಗದ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುವ 100 ಕಿಲೋ ಓಮ್ ರೆಸಿಸ್ಟರ್ ಒಂದು ಜೊತೆ ತಂದು, ಎರಡೂ ಚಾನೆಲ್ಲಿನ ಒಳಬಾಗಿಲಿಗೆ ಸಮಾಂತರವಾಗಿ ಬೆಸೆದರೆ 47 ಕಿಲೋ ಓಮ್ ಇದ್ದದ್ದು 32ಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದಲ್ಲೇ 3 ಡೆಸಿಬಲ್ಲಿನ ಉಬ್ಬು ಅರ್ಧ ಡೆಸಿಬಲ್ಲಿಗೆ ಕುಗ್ಗುತ್ತದೆ. 'ವಾರ್ಮ್' ಹೆಸರಿನ ಕಾರ್ಟ್ರಿಡ್ಜ್‌ಗೆ ಕೊಡುವ ಹಣದ ಮುಂದೆ ಇದು ಲೆಕ್ಕಕ್ಕೇ ಬಾರದ ಖರ್ಚು, ಬೇಡವೆನಿಸಿದರೆ ಬಿಚ್ಚಿಡಬಹುದು. ಒಬ್ಬ ತಯಾರಕರಿಗೆ ಒಪ್ಪುವ ಹೊರೆ ಇನ್ನೊಬ್ಬರಿಗೆ ಒಪ್ಪುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆರ್ಟೋಫೋನ್ 2ಎಂ ರೆಡ್‌ಗೆ 150ರಿಂದ 300 ಪಿಕೋಫ್ಯಾರಡ್, ಶೂರ್ ಎಂ97ಎಕ್ಸ್‌ಇಗೆ 200ರಿಂದ 300 ಎಂದು ತಯಾರಕರ ಸೂಚನೆ. ಶೂರ್‌ಗಾಗಿ ಹೊಂದಿಸಿದ್ದ ಹಳೆಯ ಆಂಪ್ಲಿಫೈಯರಿಗೆ ಆಡಿಯೋ-ಟೆಕ್ನಿಕಾ ಹಾಕಿ 'ಈ ಕಂಪನಿಯದು ಕರ್ಕಶ' ಎಂದು ತೀರ್ಪು ಕೊಡುವುದು ಸಾಮಾನ್ಯ. ಆಡಿಯೋ-ಟೆಕ್ನಿಕಾದ ಮೇಲೆ ಹೊರಿಸಿದ ಅಪವಾದದಲ್ಲಿ ದೊಡ್ಡ ಪಾಲು ಇಂಥ ತಪ್ಪು ಹೊರೆಯದು ಎಂದೇ ನನ್ನ ಅಭಿಪ್ರಾಯ.

ಎರಡನೆಯ ಮೂಲ ಮುಳ್ಳು. 33⅓ ವೇಗದ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಓಡುತ್ತದೆ. ಲೇಬಲ್ ಹತ್ತಿರ ಬರುವಷ್ಟರಲ್ಲಿ ಆ ಓಟ ಸುಮಾರು 21 ಸೆಂಟಿಮೀಟರಿಗೆ ಇಳಿದಿರುತ್ತದೆ. 10,000 ಹರ್ಟ್ಜ್‌ನ ಒಂದು ಅಲೆ ಹೊರಗೆ 50 ಮೈಕ್ರಾನ್ ಉದ್ದ ಹರಡಿಕೊಂಡಿದ್ದರೆ ಒಳಗೆ 21 ಮೈಕ್ರಾನಿನಲ್ಲಿ ಮುದುಡಿಕೊಂಡಿರುತ್ತದೆ. 15 ಮೈಕ್ರಾನ್ ತ್ರಿಜ್ಯದ ದುಂಡು ಮುಳ್ಳು ಆ ಇಕ್ಕಟ್ಟಿನ ತಗ್ಗಿಗೆ ಇಳಿಯಲಾರದು. ಮೇಲಿಂದ ಮೇಲೆ ಹಾರಿಕೊಂಡು ಹೋಗುತ್ತದೆ, ಹಾರುವಾಗ ಇಲ್ಲದ ಸ್ವರಗಳನ್ನು ಸೃಷ್ಟಿಸುತ್ತದೆ. ಹಾಗಾಗಿ 'ದುಂಡು ಮುಳ್ಳು ವಾರ್ಮ್, ಚೂಪಾದ ಮುಳ್ಳು ಬ್ರೈಟ್' ಎಂಬ ಮಾತು ಹೊರಗಿನ ಹಾಡಿಗೆ ಒಂದಿಷ್ಟು ನಿಜ, ಕೊನೆಯ ಹಾಡಿಗೆ ಪೂರ್ತಿ ತಿರುಗುಮುರುಗು. ಅಲ್ಲಿ ಮೈಕ್ರೋಲೀನಿಯರ್, ಶಿಬಾಟಾದಂಥ ಸಣ್ಣ ಅಂಚಿನ ಮುಳ್ಳುಗಳೇ ಹೆಚ್ಚು ಮೃದು, ಏಕೆಂದರೆ ಅವು ಗೆರೆಯಲ್ಲಿರುವುದನ್ನು ಒಡೆಯದೆ ಓದುತ್ತವೆ. ವಿಎಂ95 ಸರಣಿಯ ದೊಡ್ಡ ಉಪಕಾರವೆಂದರೆ ಒಂದೇ ಕಾರ್ಟ್ರಿಡ್ಜ್ ದೇಹಕ್ಕೆ ದುಂಡು, ಎಲಿಪ್ಟಿಕಲ್, ಮೈಕ್ರೋಲೀನಿಯರ್, ಶಿಬಾಟಾ ಮುಳ್ಳುಗಳನ್ನು ಬದಲಿಸಿ ಹಾಕಬಹುದು. ಕಾಯಿಲ್ ಅದೇ, ಹೊರೆ ಅದೇ, ಬದಲಾಗುವುದು ಮುಳ್ಳು ಮಾತ್ರ. ಸವೆತದ ಲೆಕ್ಕವೂ ಇದೆ. ಎಲಿಪ್ಟಿಕಲ್ ಮುಳ್ಳಿನ ಆಯುಸ್ಸು ಸುಮಾರು 300 ಗಂಟೆ, ದುಂಡಿನದು 500, ಮೈಕ್ರೋಲೀನಿಯರ್‌ನದು 1,000 ಎಂದು ಅದೇ ತಯಾರಕರು ಹೇಳುತ್ತಾರೆ. ದಿನಕ್ಕೊಂದು ಎಲ್‌ಪಿ ಕೇಳುವವರ ಎಲಿಪ್ಟಿಕಲ್ ಮುಳ್ಳು ಒಂದು ವರ್ಷ ದಾಟಿ ಕೆಲವೇ ತಿಂಗಳಿಗೆ ಮುಗಿಯುತ್ತದೆ. ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ಜೊತೆ ಬಂದ ಮುಳ್ಳು ಎಷ್ಟು ಓಡಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಬದಲಿಸದೆ ಧ್ವನಿಯ ಬಗ್ಗೆ ಯಾವ ಅಭಿಪ್ರಾಯಕ್ಕೂ ಬರಬಾರದು.

ಕೂರಿಸುವ ಕ್ರಮವೂ ಇದಕ್ಕೆ ಸೇರಿದ್ದೇ. ಭಾರ ಕಡಿಮೆ ಇಟ್ಟರೆ ಪ್ಲೇಟು ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆಗುವುದು ಅದರ ವಿರುದ್ಧ. ಭಾರ ಸಾಲದ ಮುಳ್ಳು ಗೆರೆಯ ಗೋಡೆ ಬಿಟ್ಟು ಎಗರುತ್ತದೆ, ಮರಳಿ ಬಡಿಯುತ್ತದೆ. ಸಕಾರ ಸೀಳುವ ಸದ್ದು ಆ ಬಡಿತದ್ದು, ಗೆರೆ ಕೆಡುವುದೂ ಅದರಿಂದಲೇ. 1.8ರಿಂದ 2.2 ಗ್ರಾಂ ಎಂದು ಬರೆದಿದ್ದರೆ 2 ಗ್ರಾಂನಲ್ಲಿ ಇಡುವುದು ಕ್ಷೇಮ, ಚಿಟಿಕೆ ಹೆಚ್ಚಾದರೂ ನಷ್ಟವಿಲ್ಲ. ತೋಳಿನ ಹಿಂಬದಿಯನ್ನು ತಗ್ಗಿಸಿದರೆ ಧ್ವನಿ ಮೆತ್ತಗಾಗುತ್ತದೆ ಎಂಬ ಜನಪ್ರಿಯ ಉಪಾಯದಲ್ಲಿ ಹುರುಳು ಕಡಿಮೆ. 23 ಸೆಂಟಿಮೀಟರಿನ ತೋಳಿನ ಹಿಂಬದಿಯನ್ನು 4 ಮಿಲಿಮೀಟರ್ ಇಳಿಸಿದರೆ ಕೋನ ಬದಲಾಗುವುದು ಬರೀ ಒಂದು ಡಿಗ್ರಿ.

ಇಷ್ಟೆಲ್ಲ ಮಾಡಿದ ಮೇಲೂ ಧ್ವನಿ ತೆಳುವೆನಿಸಿದರೆ, ಆಗ ಕಾರ್ಟ್ರಿಡ್ಜ್ ಆಯ್ಕೆಯ ಮಾತು. ಹೆಸರು ಮಾಡಿದವುಗಳನ್ನು ಅವುಗಳ ಕೆಲಸದ ರೀತಿ ನೋಡಿ ಅಳೆಯುವುದು ಒಳ್ಳೆಯದು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಗ್ರ್ಯಾಡೋ ಕಂಪನಿ ಅಯಸ್ಕಾಂತದ ಬದಲು ಕಬ್ಬಿಣದ ಪುಟ್ಟ ತುಣುಕನ್ನು ಅಲುಗಿಸುತ್ತದೆ. ಅದರ ಪ್ರೆಸ್ಟೀಜ್ ಸರಣಿಯ ಇಂಡಕ್ಟೆನ್ಸ್ ಸುಮಾರು 45 ಮಿಲಿಹೆನ್ರಿ ಮಾತ್ರ. 300 ಪಿಕೋಫ್ಯಾರಡ್ ಹೊರೆಯಲ್ಲೂ ಅದರ ಅನುರಣನ 40,000 ಹರ್ಟ್ಜ್ ಆಚೆಗೆ ಹೋಗುತ್ತದೆ, ಅಂದರೆ ಕೇಬಲ್ ಯಾವುದಾದರೂ ಧ್ವನಿ ಹೆಚ್ಚು ಬದಲಾಗದು. ಗ್ರ್ಯಾಡೋದ ಹಿತವಾದ ನಾದದ ಹಿಂದೆ ಈ ನಿರ್ಲಿಪ್ತತೆಯ ಪಾತ್ರ ದೊಡ್ಡದು ಎಂದು ನಾನು ತಿಳಿಯುತ್ತೇನೆ. ಆದರೆ ಅದಕ್ಕೆ ಅಯಸ್ಕಾಂತ ಕ್ಷೇತ್ರದಿಂದ ರಕ್ಷಣೆ ಕಡಿಮೆ. ಪ್ಲ್ಯಾಟರ್ ಕೆಳಗೇ ಮೋಟಾರ್ ಇರುವ ಕೆಲವು ಟರ್ನ್‌ಟೇಬಲ್‌ಗಳಲ್ಲಿ ತೋಳು ಒಳಗೆ ಬಂದಂತೆ ಗುಂಯ್‌ಗುಡುತ್ತದೆ. ನಾಗಾವೋಕಾ ಎಂಪಿ-110 ಪರ್ಮಲಾಯ್ ಎಂಬ ಮಿಶ್ರಲೋಹದ ತುಣುಕನ್ನು ಅಲುಗಿಸುತ್ತದೆ. 5 ಮಿಲಿವೋಲ್ಟ್ ಕೊಡುವುದರಿಂದ ಸಾಧಾರಣ ಫೋನೋ ಸ್ಟೇಜಿಗೂ ಸಾಕು, 1.5ರಿಂದ 2 ಗ್ರಾಂ ಭಾರದಲ್ಲಿ ಗೆರೆಯನ್ನು ಚೆನ್ನಾಗಿ ಹಿಡಿಯುತ್ತದೆ. ನಡುಮಟ್ಟದ ಟರ್ನ್‌ಟೇಬಲ್ ಇರುವವರಿಗೆ ನಾನು ಮೊದಲು ಹೇಳುವ ಹೆಸರು ಇದು. ಮೇಲಿನ ಸ್ವರಗಳನ್ನು ನಿಜಕ್ಕೂ ತಗ್ಗಿಸುತ್ತಿದ್ದ ಶೂರ್ ಎಂ97ಎಕ್ಸ್‌ಇ ಇಂದು ಹೊಸದಾಗಿ ಸಿಗದು; 2018ರಲ್ಲಿ ಶೂರ್ ಕಾರ್ಟ್ರಿಡ್ಜ್ ತಯಾರಿಕೆಯನ್ನೇ ನಿಲ್ಲಿಸಿತು. ಹಳೆಯ ದೇಹಕ್ಕೆ ಯಾರದೋ ನಕಲಿ ಮುಳ್ಳು ಸಿಕ್ಕಿಸಿದರೆ ಆ ಹೆಸರಿನ ಧ್ವನಿ ಸಿಕ್ಕೀತೆಂದು ಆಸೆಪಡಬಾರದು.

ಡೆನಾನ್ ಡಿಎಲ್-103ರ ಕಥೆ ಇನ್ನೂ ಪಾಠ ಕಲಿಸುವಂಥದ್ದು. 'ವಾರ್ಮ್' ಎಂದು ಎಲ್ಲರ ಬಾಯಲ್ಲೂ ಇರುವ ಈ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್ ಹುಟ್ಟಿದ್ದು ಇಂಪಿಗಾಗಿ ಅಲ್ಲ. 1960ರ ದಶಕದಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೋ ಬಳಕೆಗಾಗಿ, ಗೆರೆಯಲ್ಲಿದ್ದದ್ದನ್ನು ಇದ್ದಂತೆ ಒಪ್ಪಿಸಲೆಂದು ಅದನ್ನು ರೂಪಿಸಿದರು. 16.5 ಮೈಕ್ರಾನಿನ ದುಂಡು ಮುಳ್ಳು, 2.5 ಗ್ರಾಂ ಭಾರ, ಬಿಗುವಾದ ಕ್ಯಾಂಟಿಲಿವರ್. ಭಾರದ ತೋಳಿನಲ್ಲಿ ಅದರ ಮಂದ್ರ ಗಟ್ಟಿಯಾಗಿ ನಿಲ್ಲುತ್ತದೆ; ಅದನ್ನೇ ಹಗುರ ತೋಳಿಗೆ ಸಿಕ್ಕಿಸಿದರೆ ತೋಳು ಮತ್ತು ಕಾರ್ಟ್ರಿಡ್ಜ್ ಸೇರಿದ ಅನುರಣನ 8ರಿಂದ 12 ಹರ್ಟ್ಜ್‌ನ ಸುರಕ್ಷಿತ ಪಟ್ಟಿ ದಾಟಿ ಮೇಲೇರಿ, ಮಂದ್ರ ಸಡಿಲವಾಗಿ ಧ್ವನಿ ಒಣಗುತ್ತದೆ. ಕೊಡುವುದು 0.3 ಮಿಲಿವೋಲ್ಟ್ ಮಾತ್ರ. ವಿಎಂ95ರ 4 ಮಿಲಿವೋಲ್ಟಿನ ಹದಿಮೂರನೆಯ ಒಂದು ಪಾಲು. ಹಾಗಾಗಿ ಬೇರೆ ಫೋನೋ ಸ್ಟೇಜೋ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರೋ ಬೇಕು. ಉಳಿದ ಮೂವಿಂಗ್ ಕಾಯಿಲ್‌ಗಳ ವಿಷಯಕ್ಕೆ ಬಂದರೆ, ಬಹಳಷ್ಟು ದುಬಾರಿ ಮಾದರಿಗಳು 10,000 ಹರ್ಟ್ಜ್ ಮೇಲೆ ಏರುತ್ತಾ ಹೋಗುತ್ತವೆ. ತುಂಬುದನಿ ಬೇಕೆನ್ನುವವರು ದುಡ್ಡು ಹೆಚ್ಚು ಕೊಟ್ಟಷ್ಟೂ ಅದು ಸಿಗುತ್ತದೆ ಎಂದು ತಿಳಿದರೆ ನಿರಾಶೆ ಖಚಿತ.

ಇಷ್ಟು ಹೇಳಿದರೆ ಬರುವ ಆಕ್ಷೇಪ ಗೊತ್ತೇ ಇದೆ: ಅಂಕಿಅಂಶ ಬಿಡಿ, ಕಿವಿಯೇ ಪ್ರಮಾಣ, ಎರಡನ್ನೂ ಹಾಕಿ ಕೇಳಿದಾಗ ಒಂದು ತುಂಬಿಕೊಂಡು ಬಂತಲ್ಲ? ಕಿವಿಯೇ ಕೊನೆಯ ಪ್ರಮಾಣ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹೋಲಿಕೆ ನಡೆಯುವ ರೀತಿಯಲ್ಲೇ ಮೋಸವಿದೆ. 2ಎಂ ರೆಡ್ 5.5 ಮಿಲಿವೋಲ್ಟ್ ಕೊಡುತ್ತದೆ, ವಿಎಂ95 4 ಮಿಲಿವೋಲ್ಟ್. ವಾಲ್ಯೂಮ್ ಗುಂಡಿ ಮುಟ್ಟದೆ ಕೇಳಿದರೆ ಮೊದಲನೆಯದು ಸುಮಾರು 2.8 ಡೆಸಿಬಲ್ ಜೋರು. ಸದ್ದು ಏರಿದಂತೆ ಕಿವಿಗೆ ಮಂದ್ರ ಹೆಚ್ಚಾಗಿ ಕೇಳಿಸುತ್ತದೆ ಎಂಬುದನ್ನು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹೀಗೆ ಹೆಚ್ಚು ವೋಲ್ಟೇಜ್ ಕೊಡುವ ಕಾರ್ಟ್ರಿಡ್ಜ್ ಯಾವುದಾದರೂ ಮೊದಲ ಕೇಳ್ವಿಕೆಯಲ್ಲಿ 'ತುಂಬಿದೆ' ಎನಿಸಿಕೊಳ್ಳುತ್ತದೆ. ಫೋನಿನ ಸೌಂಡ್ ಮೀಟರ್ ಆ್ಯಪ್ ಇಟ್ಟುಕೊಂಡಾದರೂ ಎರಡರ ಮಟ್ಟ ಸಮ ಮಾಡಿ ಕೇಳಲಿ. ಆಮೇಲೆ ಕಿವಿ ಹೇಳಿದ್ದನ್ನು ನಂಬೋಣ.

ಇನ್ನೊಂದು ಆಕ್ಷೇಪ ಶುದ್ಧತೆಯದು. ತುಂಬುದನಿ ಬೇಕಿದ್ದರೆ ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಎಂದರೆ ಹವ್ಯಾಸಿಗಳು ಮುಖ ಸಿಂಡರಿಸುತ್ತಾರೆ, ಸಂಕೇತ ಮಲಿನವಾಗುತ್ತದಂತೆ. ಎಲ್‌ಪಿಯ ಗೆರೆಯನ್ನು ಹೇಗೆ ಕೊರೆಯುತ್ತಾರೆ ಎಂದು ನೆನೆದರೆ ಈ ವಾದ ನಿಲ್ಲುವುದಿಲ್ಲ. 1954ರಿಂದ ಜಾರಿಗೆ ಬಂದ ಆರ್‌ಐಎಎ ಕ್ರಮದ ಪ್ರಕಾರ 20 ಹರ್ಟ್ಜ್‌ನ ಮಂದ್ರವನ್ನು 19 ಡೆಸಿಬಲ್ಲಿನಷ್ಟು ತಗ್ಗಿಸಿ, 20,000 ಹರ್ಟ್ಜ್‌ನ ತಾರವನ್ನು ಹೆಚ್ಚುಕಡಿಮೆ 20 ಡೆಸಿಬಲ್ ಎತ್ತಿ ಕೊರೆಯುತ್ತಾರೆ. ಫೋನೋ ಸ್ಟೇಜ್ ಅದನ್ನೆಲ್ಲ ತಿರುಗಿಸಿ ಸರಿಮಾಡುತ್ತದೆ. ಒಟ್ಟು ಸುಮಾರು 40 ಡೆಸಿಬಲ್ಲಿನ ತಿದ್ದುಪಡಿಯನ್ನು ಹೊಕ್ಕು ಹೊರಬಂದ ಧ್ವನಿ 2 ಡೆಸಿಬಲ್ಲಿನ ಗುಂಡಿಯಿಂದ ಮೈಲಿಗೆಯಾಗುವುದಿಲ್ಲ. ಕಾರ್ಟ್ರಿಡ್ಜ್ ತಗ್ಗಿಸಿದ ತಾರವನ್ನು ಮರಳಿ ಪಡೆಯುವುದು ಕಷ್ಟ. ಗುಂಡಿ ತಗ್ಗಿಸಿದ್ದನ್ನು ಕ್ಷಣದಲ್ಲಿ ಪಡೆಯಬಹುದು. ಪ್ಲೇಟಿನಿಂದ ಪ್ಲೇಟಿಗೆ ಧ್ವನಿ ಬೇರೆಯಿರುವಾಗ ಒಂದೇ ಬಣ್ಣವನ್ನು ಎಲ್ಲಕ್ಕೂ ಬಳಿಯುವ ಕಾರ್ಟ್ರಿಡ್ಜ್‌ಗಿಂತ ಗುಂಡಿಯೇ ಹೆಚ್ಚು ನ್ಯಾಯದ್ದು.

ತಗ್ಗಿಸುವುದಕ್ಕೂ ಮಿತಿ ಇದೆ ಎಂದು ಹೇಳಲು ಕನ್ನಡದ ಕೇಳುಗರ ಬಳಿ ಒಂದು ಖಚಿತ ಅಳತೆಗೋಲು ಇದೆ: ತಂಬೂರಿ. ಕುದುರೆಯ ಮೇಲೆ ತಂತಿಯ ಕೆಳಗೆ ಸರಿಸುವ ಎಳೆದಾರದಿಂದ ಹುಟ್ಟುವ ಜವಾರಿ ಎಂದರೆ ಮೇಲಿನ ಸ್ವರಾಂಶಗಳ ಹೊಳೆ. ಅವು ಒಂದಾದ ಮೇಲೊಂದು ಅರಳಿ ಕರಗುವುದು ಸ್ಪಷ್ಟವಾಗಿ ಕೇಳಬೇಕು. ಮಲ್ಲಿಕಾರ್ಜುನ ಮನ್ಸೂರರದೋ ಭೀಮಸೇನ ಜೋಶಿಯವರದೋ ಎಚ್‌ಎಂವಿ ಎಲ್‌ಪಿ ಹಾಕಿ, ಗಾಯನ ಏಳುವ ಮುಂಚಿನ ಆ ಕೆಲವು ಕ್ಷಣ ಗಮನಿಸಿದರೆ ಸಾಕು. ತಂಬೂರಿ ಬರೀ ಗುಂಗುಟ್ಟುವ ಗೋಡೆಯಾಗಿದ್ದರೆ ಆ ಕಾರ್ಟ್ರಿಡ್ಜ್ ಅತಿಯಾಗಿ ತಗ್ಗಿಸುತ್ತಿದೆ ಎಂದರ್ಥ. ಅದರ ಜೊತೆಗೆ ಗಾಯಕರ ಗಮಕದ ಅಂಚುಗಳೂ ಮಸುಕಾಗಿರುತ್ತವೆ. ಜವಾರಿ ಬಿಡಿಬಿಡಿಯಾಗಿ ಕೇಳುತ್ತಾ ದನಿ ಎದೆಯಿಂದ ಬಂದಂತಿದ್ದರೆ ಅಲ್ಲಿಗೆ ಕೈ ನಿಲ್ಲಿಸಬೇಕು. ಹಳೆಯ ಭಾರತೀಯ ಪ್ಲೇಟುಗಳ ಚಟಪಟ ಸದ್ದಿಗೂ ಜನ 'ವಾರ್ಮ್' ಕಾರ್ಟ್ರಿಡ್ಜ್ ಹುಡುಕುತ್ತಾರೆ. ಕನ್ನಡ ಚಿತ್ರಗೀತೆಗಳ 45 ವೇಗದ ಇಪಿಗಳಲ್ಲಿ ಬಹಳಷ್ಟು ಮೋನೋ. ಅವುಗಳಲ್ಲಿ ಸಂಗೀತ ಇರುವುದು ಮುಳ್ಳಿನ ಅಡ್ಡ ಚಲನೆಯಲ್ಲಿ ಮಾತ್ರ, ಮೇಲೆಕೆಳಗಿನ ಚಲನೆಯೆಲ್ಲ ಧೂಳು ಮತ್ತು ಗೀರಿನದು. ಆಂಪ್ಲಿಫೈಯರಿನ ಮೋನೋ ಸ್ವಿಚ್ ಒತ್ತಿದರೆ ಆ ಪಾಲು ರದ್ದಾಗುತ್ತದೆ, ಹಾಡಿನ ಒಂದು ಸ್ವರವೂ ಕಳೆಯುವುದಿಲ್ಲ.

78 ವೇಗದ ಪ್ಲೇಟುಗಳಿಗೆ ಲೆಕ್ಕವೇ ಬೇರೆ. ಅವುಗಳ ಅಗಲ ಗೆರೆಗೆ ಎಲ್‌ಪಿ ಮುಳ್ಳು ಹಾಕಿದರೆ ಅದು ತಳದ ಕಸದಲ್ಲಿ ಕೆರೆಯುತ್ತಾ ಹೋಗುತ್ತದೆ. 76 ಮೈಕ್ರಾನಿನ ದಪ್ಪ ಮುಳ್ಳು ಬೇಕು, ವಿಎಂ95ರ ದೇಹಕ್ಕೇ ಅಂಥದ್ದು ಸಿಗುತ್ತದೆ. 1954ಕ್ಕಿಂತ ಹಿಂದಿನ ಪ್ಲೇಟನ್ನು ಆರ್‌ಐಎಎ ಫೋನೋ ಸ್ಟೇಜಿನಲ್ಲಿ ಕೇಳಿದರೆ 10,000 ಹರ್ಟ್ಜ್‌ನಲ್ಲಿ 13.7 ಡೆಸಿಬಲ್ ಕಡಿತ ಬಹುತೇಕ ಸುಮ್ಮಸುಮ್ಮನೆ ಬೀಳುತ್ತದೆ. ಹಳೆಯ ಪ್ಲೇಟೆಲ್ಲ 'ವಾರ್ಮ್' ಎಂದು ಜನ ಮೆಚ್ಚಿಕೊಳ್ಳುವುದರಲ್ಲಿ ಈ ತಪ್ಪು ಕಡಿತದ ಪಾಲೂ ಇದೆ. ಆ ಕಡಿತವನ್ನು ಸರಿಪಡಿಸಿದಾಗ ದನಿ ಹಗುರಾದರೆ ಗಾಬರಿಯಾಗಬೇಕಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ನಮಗೆ ಪರಿಚಿತವಾದ ಗಂಭೀರ ಕಂಠವಲ್ಲ. ಎತ್ತರದ, ಎಳೆಯ ಕಂಠ. ಗಂಟಲಿನ ಚಿಕಿತ್ಸೆಯ ನಂತರವೇ ಅವರ ದನಿ ಆಳಕ್ಕಿಳಿದದ್ದು. ಆ ಪ್ಲೇಟು ಹಾಕಿ ಧ್ವನಿ ತೆಳುವಾಯಿತೆಂದು ಟ್ರೆಬಲ್ ತಗ್ಗಿಸುವವರು, ದಪ್ಪ ನಾದದ ಕಾರ್ಟ್ರಿಡ್ಜ್ ಹುಡುಕುವವರು, ಆ ಹುಡುಗಿಯ ದನಿಯನ್ನೇ ಅಳಿಸಿ ಹಾಕುತ್ತಾರೆ.